ಮಾರೇಶ ಕಳಿಸಿದ ಕರೆ

ಬಾಯಿಬಿಟ್ಟು ಹೇಳಲಾಗದ ಮಾತನ್ನು ಫೋನಿನ ಕೈಲಿ ಹೇಳಿಸಲು ಹೋದದ್ದೇ ಮಾರೇಶನಿಗೆ ಮುಳುವಾಯಿತು.

ಹಗರಿಬೊಮ್ಮನಹಳ್ಳಿಯ ಗೊಬ್ಬರದಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಅವನಿಗೆ ಪ್ರೋಗ್ರಾಮಿಂಗ್ ಕಲಿಯುವ ಆಸೆ. ಆದರೆ ಹಿಡಿದದ್ದು ಯಾವುದೂ ದಡ ಮುಟ್ಟುತ್ತಿರಲಿಲ್ಲ. ಲೆಕ್ಕ ಮಾಡುವ ಪ್ರೋಗ್ರಾಂ ಎರಡಕ್ಕೆ ಎರಡು ಕೂಡಿಸಿ ಇಪ್ಪತ್ತೆರಡು ಅಂದಾಗ ಅದನ್ನು ಬಿಟ್ಟ. ಗಡಿಯಾರ ಮಾಡಿದರೆ ಅದು ಮೊಂಡು ಎತ್ತಿನಂತೆ ಹಿಂದಕ್ಕೆ ಜಗ್ಗಿತು, ಅದನ್ನೂ ಬಿಟ್ಟ. "ನಿಮಗೇ ಬೇಕಾದ ಸಣ್ಣದೊಂದು ಮಾಡಿ, ಬೇಸರ ಬರೋದಿಲ್ಲ" ಎಂದರು ಅವನು ನೋಡಿ ಕಲಿಯುತ್ತಿದ್ದ ವಿಡಿಯೋದ ಮೇಷ್ಟ್ರು.

ಮಾರೇಶನಿಗೆ ಬೇಕಾದದ್ದು ಹೆಂಡತಿ ಭೂಮಿಕಾ. ತಾಯಿಯ ಕಾಲು ಮುರಿದಿದೆಯೆಂದು ಹಿರೇಹಡಗಲಿಯ ತವರಿಗೆ ಹೋದವಳು, ಕಾಲು ಕೂಡಿಕೊಂಡರೂ ಬಂದಿರಲಿಲ್ಲ. ಬಾ ಅನ್ನಲು ಇವನಿಗೆ ನಾಚಿಕೆ. ದಿನಾ ಮುಂಜಾನೆ ಅವಳಿಗೆ ತಾನಾಗಿಯೇ ಮೆಸೇಜ್ ಹೋಗುವ ಪ್ರೋಗ್ರಾಂ ಬರೆಯಲು ಕೂತ. ಒಲೆಯ ಮೇಲೆ ರೊಟ್ಟಿ ಕರಕಾದರೂ ಈ ಸಲ ಎದ್ದು ಹೋಗಲಿಲ್ಲ.

ಮೆಸೇಜ್ ಹೋಯಿತು: "ನೀನಿಲ್ಲದ ಮನಿ ಮನಿ ಅನ್ನಿಸವಲ್ದು. ಬಂದುಬಿಡು." ಆದರೆ ಎಲ್ಲೋ ಒಂದು ಸಾಲು ತಪ್ಪಿ, ಫೋನಿನಲ್ಲಿದ್ದವರಿಗೆಲ್ಲ ಹೋಗಿಬಿಟ್ಟಿತು.

ಮೊದಲು ಬಂದವಳು ಪಕ್ಕದ ಮನೆಯ ಮುದುಕಿ ಕೊಟ್ರಬಸಮ್ಮ. "ನಡುವ ಇರೋದು ಒಂದು ಗೋಡಿ. ಅದಕ್ಕೂ ಮೆಸೇಜ್ ಬೇಕಾ?" ಎಂದು ನಕ್ಕವಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಮ್ಮ ಯಜಮಾನ್ರು ಬದುಕಿದ್ದಾಗ ಒಂದಿನಾನೂ ಹಿಂಗ ಅನಲಿಲ್ಲ ನೋಡಪ್ಪ."

ಅಂಗಡಿಗೆ ಹೋದರೆ ಮಾಲೀಕ ಏಕಾಂತಪ್ಪ ಕೆಂಡವಾಗಿದ್ದ. "ದುಡಿಯೋ ನೀನು ಅಂಗಡಿಗೆ ಬರಬೇಕೋ, ನಾನು ನಿನ್ನ ಮನಿಗೆ ಬರಬೇಕೋ?" ಗೊಬ್ಬರ ಒಯ್ಯಲು ಬಂದವರು ಚೀಲದ ಮೇಲೆ ಬಿದ್ದು ನಕ್ಕರು.

ಮಧ್ಯಾಹ್ನ ಭೂಮಿಕಾಳ ಫೋನು ಬಂತು. "ಮೆಸೇಜ್ ನೋಡಿದ್ನಿರಿ. ಈ ಮಾತಿಗೇ ಕಾದಿದ್ದೆ. ಸಂಜಿ ಬಸ್ಸಿಗೆ ಬರ್ತೀನಿ."

ಮಾರೇಶನ ಕಾಲು ನೆಲಕ್ಕೆ ಹತ್ತಲಿಲ್ಲ. ಮನೆ ಗುಡಿಸಿದ, ಮಲ್ಲಿಗೆ ತಂದ. ಸುದ್ದಿ ತಿಳಿದ ಕೊಟ್ರಬಸಮ್ಮ ಹೋಳಿಗೆಗೆ ಬೇಳೆ ಇಟ್ಟಳು.

ಸಂಜೆ ಬಸ್ಸು ಬಂತು. ಹೆಗಲಿಗೆ ಕಂಬಳಿ ಹಾಕಿಕೊಂಡು ಮಾವ ಚೌಡಣ್ಣ ಇಳಿದ. ಹಿಂದೆ ಯಾರೂ ಇಳಿಯಲಿಲ್ಲ.

"ಭೂಮಿಕಾ ಎಲ್ಲಿ ಅದಾಳ್ರಿ ಮಾವ?"

"ಅವಳ್ಯಾಕ? ನೀ ಕರದದ್ದು ನನ್ನನ್ನ ಅಲ್ಲನು?" ಚೌಡಣ್ಣ ಮೆಸೇಜ್ ತೋರಿಸಿದ. "ಗಂಡುಮಕ್ಕಳಿಲ್ಲ ನನಗ. 'ಬಂದುಬಿಡು' ಅಂತ ಹಡೆದ ಮಗನಂಗ ಕರದಿ. ಕುರಿ ಮಗಳಿಗೆ ಒಪ್ಪಿಸಿ ಬಂದೇಬಿಟ್ಟೆ. ಇನ್ನ ಇಲ್ಲೇ ಇರ್ತೀನಿ, ಅಳಿಯ."

ಮಾರೇಶ ಬಾಯಿ ತೆರೆಯುವಷ್ಟರಲ್ಲಿ ಫೋನು ಹೊಡಕೊಂಡಿತು.

"ಅಪ್ಪ ಬಂದಾನೇನ್ರಿ? ನಾನೂ ಚೀಲ ತುಂಬಿದ್ದೆ. ಅವ್ವನ ಕಾಲು ಇನ್ನ ಹೊಲದತನಕ ನಡೆಯಂಗಿಲ್ಲ. ಕುರಿ ಯಾರು ನೋಡ್ಬೇಕು ಹೇಳ್ರಿ?"

"ಭೂಮಿ, ನನಗ ನೀನು..." ಅಂದ ಮಾರೇಶ. ಕೊನೆಗೂ ಬಾಯಿಗೆ ಬಂದ ಮಾತು ಕುರಿಗಳ ಕೂಗಿನಲ್ಲಿ ಮುಳುಗಿಹೋಯಿತು.

ಆ ಕೂಗು ಚೌಡಣ್ಣನಿಗೂ ಕೇಳಿತು. "ನಮ್ಮ ಕರಿ ಕುರಿ ಅದು! ಇಕಡಿ ಕೊಡು" ಎಂದು ಫೋನು ಕಸಿದುಕೊಂಡು, ಒಂದೊಂದೇ ಕುರಿಯ ಯೋಗಕ್ಷೇಮ ವಿಚಾರಿಸತೊಡಗಿದ.

ಮಾರೇಶ ಪಕ್ಕದಲ್ಲಿ ನಿಂತು ತನ್ನ ಸರದಿಗೆ ಕಾದ.