ಒಂಬತ್ತನೇ ಸಂಪುಟದ ಬಾಗಿಲು ತೆರೆಸಿಕೊಡುವ ಬಗ್ಗೆ

ಏಳು ರಾಜ್ಯಗಳ ಸೃಷ್ಟಿಕರ್ತರೂ, ಎರಡು ತಲೆಯ ಹಕ್ಕಿಯ ಪಾಲಕರೂ, ಒಂಬತ್ತು ದಪ್ಪ ಸಂಪುಟಗಳ ಭಾರದಿಂದ ನಮ್ಮ ಗೋಡೆಯ ಹಲಗೆಯನ್ನು ಬಗ್ಗಿಸಿದವರೂ ಆದ ಮಾನ್ಯ ಲೇಖಕರೇ,

ಹಲ್ಲುಸೆಟ್ಟು ತಯಾರಿಸುವ ನಮ್ಮ ಸಣ್ಣ ವರ್ಕ್‌ಶಾಪಿನ ಸಮಸ್ತರ ಪರವಾಗಿ ತಮಗೆ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇವೆ. ಒಂಬತ್ತನೇ ಸಂಪುಟದ ಕೊನೆಯ ಪುಟ ಓದಿದ ಮೇಲೂ ತಮ್ಮ ಕ್ಷೇಮವನ್ನೇ ಹಾರೈಸುತ್ತಿದ್ದೇವೆಂಬುದನ್ನು ತಾವು ವಿಶೇಷವಾಗಿ ಗಮನಿಸಬೇಕು. ಈ ಪತ್ರವನ್ನು ಪತ್ರಿಕೆಯ ಮೂಲಕ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಪ್ರಕಾಶಕರ ಮೂಲಕ ಗುಟ್ಟಾಗಿ ಬರೆದ ಹಿಂದಿನ ಪತ್ರಕ್ಕೆ ಉತ್ತರವಾಗಿ ನಮಗೆ ಬಂದದ್ದು ತಮ್ಮ ನಗುಮುಖದ ಫೋಟೋ ಇರುವ ಒಂದು ಕಾರ್ಡು ಮಾತ್ರ. ನಮ್ಮ ಭಾವ ಅದನ್ನು ದೀಪದ ಕೆಳಗೆ ಹಿಡಿದು ಪರೀಕ್ಷಿಸಿ, ಮೇಲಿನ ಸಾಲಿನ ಹಲ್ಲು ಸ್ವಂತದ್ದು, ಕೆಳಗಿನದರ ಬಗ್ಗೆ ಏನೂ ಹೇಳಲಾಗದು ಎಂದು ಅಭಿಪ್ರಾಯಪಟ್ಟಿದ್ದಾರೆ.

ನಮ್ಮದು ನಾಲ್ಕು ಜನರ ವರ್ಕ್‌ಶಾಪು. ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಅದಕ್ಕೆ ಪ್ಲಾಸ್ಟರ್ ಕಲಸಿ ಹೊಯ್ಯುತ್ತೇನೆ, ನನ್ನ ಅಕ್ಕನ ಗಂಡನೂ ಯಜಮಾನರೂ ಆದ ಭಾವ ಮೇಣದಲ್ಲಿ ಹಲ್ಲು ಜೋಡಿಸುತ್ತಾರೆ, ನನ್ನ ಸೋದರತ್ತೆ ಸಿದ್ಧವಾದ ಸೆಟ್ಟಿಗೆ ಪಾಲಿಶ್ ಕೊಡುತ್ತಾರೆ, ಭಾವನ ಚಿಕ್ಕಪ್ಪ ಅದನ್ನು ಡಬ್ಬಿಯಲ್ಲಿಟ್ಟು ಸೈಕಲ್ಲಿನ ಮೇಲೆ ಕ್ಲಿನಿಕ್ಕುಗಳಿಗೆ ತಲುಪಿಸುತ್ತಾರೆ. ಪ್ಲಾಸ್ಟರ್ ಗಟ್ಟಿಯಾಗುವವರೆಗೆ ನನ್ನ ಕೈಗೆ ಕೆಲಸವಿರುವುದಿಲ್ಲವಾದ್ದರಿಂದ, ಆ ಹೊತ್ತಿನಲ್ಲಿ ತಮ್ಮ ಕಾದಂಬರಿಯನ್ನು ಎಲ್ಲರಿಗೂ ಕೇಳಿಸುವಂತೆ ಓದುವುದು ಈ ಮನೆಯ ಪದ್ಧತಿ. ಪ್ಲಾಸ್ಟರ್ ಗಟ್ಟಿಯಾಯಿತೆಂದರೆ ಓದು ನಿಲ್ಲಬೇಕು, ಅತ್ತ ರಾಜನ ಕತ್ತಿನ ಮೇಲೆ ಕತ್ತಿಯಿದ್ದರೂ ಸರಿಯೇ. ಐದನೇ ಸಂಪುಟದಲ್ಲಿ ಕಪ್ಪು ಕೋಟೆ ಬೀಳುವ ಅಧ್ಯಾಯದ ದಿನ ನಾನು ಬೇಕೆಂದೇ ನೀರು ಜಾಸ್ತಿ ಹಾಕಿ ಕಲಸಿದ್ದೆ ಎಂಬುದು ಭಾವನಿಗೆ ಇಂದಿನವರೆಗೂ ಗೊತ್ತಿರಲಿಲ್ಲ, ಈಗ ಗೊತ್ತಾಯಿತು.

ತಮ್ಮ ವರ್ಣನಾಶಕ್ತಿಯನ್ನು ನಮ್ಮಂಥವರು ಹೊಗಳುವುದು ಹೇಗೆ? ರಾಜಸಭೆಯ ಪರದೆಯ ಕಸೂತಿಗೆ ತಾವು ಹದಿನಾಲ್ಕು ಪುಟ ಕೊಟ್ಟಿರಿ, ನಾವು ಒಂದು ದಾರವನ್ನೂ ಬಿಡದೆ ಕೇಳಿದೆವು. ಮೂರನೇ ಸಂಪುಟದ ಮಂತ್ರಿಗೆ ನೆಗಡಿಯಾದರೆ ಅದು ನಾಲ್ಕನೇ ಸಂಪುಟದವರೆಗೂ ವಾಸಿಯಾಗಲಿಲ್ಲ, ನಾವು ಮೂಗು ಮುರಿಯಲಿಲ್ಲ. ಎಂಟನೇ ಸಂಪುಟಕ್ಕೆ ಕಾಯಿಸಿದಿರಿ, ಎಷ್ಟು ಕಾಯಿಸಿದಿರೆಂದರೆ ಅಷ್ಟರಲ್ಲಿ ನಮ್ಮ ಚಿಕ್ಕಪ್ಪನ ಹಲ್ಲೆಲ್ಲ ಉದುರಿ, ನಮ್ಮದೇ ಸೆಟ್ಟು ಅವರ ಬಾಯಿಗೆ ಏರಿತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂದು ಅವರು ಗೊಣಗಿದರೇ ಹೊರತು ತಮ್ಮನ್ನು ಒಂದು ಮಾತು ಅನ್ನಲಿಲ್ಲ.

ಕಥೆ ತಿಳಿಯದ ಪತ್ರಿಕೆಯ ಓದುಗರಿಗಾಗಿ ಎರಡು ಮಾತು ಹೇಳಿಬಿಡುತ್ತೇನೆ. ಬೀದಿದೀಪ ಹಚ್ಚುವ ಹುಡುಗಿಯೊಬ್ಬಳು ತಾಯಿಯ ಜೊತೆ ಜಗಳವಾಡಿ ಮನೆ ಬಿಡುತ್ತಾಳೆ; ಬಿಟ್ಟವಳು ಏಳು ರಾಜರ ಯುದ್ಧಕ್ಕೆ ಸಿಕ್ಕಿ, ಎರಡು ತಲೆಯ ಹಕ್ಕಿಯನ್ನು ಪಳಗಿಸಿ, ತನ್ನ ನೆರಳನ್ನೇ ಒತ್ತೆಯಿಟ್ಟು, ಬಿಡಿಸಿಕೊಂಡು, ಕೊನೆಗೆ ಸಿಂಹಾಸನ ಕೊಡುತ್ತೇವೆಂದರೂ ಒಲ್ಲೆನೆಂದು ಮನೆಯ ದಾರಿ ಹಿಡಿಯುತ್ತಾಳೆ. ಒಂಬತ್ತು ಸಂಪುಟದಲ್ಲೂ ಅವಳಿಗೆ ಬೇಕಾಗಿದ್ದದ್ದು ಮನೆ ಸೇರುವುದು, ಅಷ್ಟೇ.

ಈಗ ತಮಗೆ ತಿಳಿಯದ ಸಂಗತಿಗೆ ಬರುತ್ತೇನೆ. ಮೊದಲ ಸಂಪುಟವನ್ನು ಈ ವರ್ಕ್‌ಶಾಪಿಗೆ ತಂದವಳು ಅತ್ತೆಯ ಮಗಳು. ಆಗ ನಮಗೆ ಓದಿ ಹೇಳುತ್ತಿದ್ದವಳೂ ಅವಳೇ, ಏಳು ರಾಜರಿಗೆ ಏಳು ದನಿ ತೆಗೆಯುತ್ತಿದ್ದಳು. ನಾಲ್ಕನೇ ಸಂಪುಟ ಬರುವ ಹೊತ್ತಿಗೆ ಅವಳೂ ಮನೆ ಬಿಟ್ಟಾಗಿತ್ತು. ತಾಯಿ ಮಗಳ ಜಗಳ ಹುಟ್ಟಿದ್ದು ನಡುಮನೆಯ ಗೋಡೆಗೆ ಯಾವ ಬಣ್ಣ ಹೊಡೆಸಬೇಕೆಂಬ ಮಾತಿನಲ್ಲಿ, ಮುಗಿದದ್ದು "ಹೋದ್ರೆ ಮತ್ತೆ ಈ ಹೊಸ್ತಿಲು ತುಳೀಬೇಡ" ಎಂಬ ಅತ್ತೆಯ ಮಾತಿನಲ್ಲಿ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದುಂಟೇ? ಮಗಳು ಇದೇ ಊರಿನ ಇನ್ನೊಂದು ತುದಿಯಲ್ಲಿದ್ದಾಳೆ, ಬಸ್ಸಿನಲ್ಲಿ ಕೂತರೆ ಒಂದು ಅಧ್ಯಾಯ ಓದಿ ಮುಗಿಸುವಷ್ಟು ದೂರ. ತಾನೂ ಸಂಪುಟಗಳನ್ನು ಕೊಂಡು ಓದುತ್ತಾಳೆ. ಆಗಾಗ ನನಗೆ ಫೋನು ಮಾಡಿ "ಅಮ್ಮ ಎಲ್ಲೀವರೆಗೆ ಬಂದ್ಲು?" ಎಂದು ಕೇಳುತ್ತಾಳೆ, ನಾನು ಅಧ್ಯಾಯ ಹೇಳುತ್ತೇನೆ, "ಹಾಗಿದ್ರೆ ನಾಳೆ ಅಳ್ತಾಳೆ, ನೋಡ್ಕೋ" ಎನ್ನುತ್ತಾಳೆ. ಅತ್ತೆ ಪಾಲಿಶ್ ಯಂತ್ರದ ಮುಂದೆ ಬೆನ್ನು ತಿರುಗಿಸಿ ಕೂತು, ಯಾರ ಫೋನೆಂದು ಕೇಳದೆ, ಯಂತ್ರವನ್ನು ಮಾತ್ರ ನಿಲ್ಲಿಸಿಕೊಂಡಿರುತ್ತಾರೆ. ಒಂಬತ್ತನೇ ಸಂಪುಟ ಬಂದ ದಿನ ಅವರು ಒಂದೇ ಮಾತು ಹೇಳಿದರು: "ಆ ಹುಡುಗಿ ಮನೆ ಸೇರ್ಲಿ ಕಣೇ, ಆಮೇಲೆ ನಾನೂ ನೋಡ್ತೀನಿ." ಏನು ನೋಡುತ್ತಾರೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ.

ಹೀಗಿರುವಲ್ಲಿ ತಮ್ಮ ಕೊನೆಯ ಪುಟ ಬಂತು. ಹುಡುಗಿ ಊರು ಸೇರಿದಳು, ಬೀದಿ ದಾಟಿದಳು, ಮೆಟ್ಟಿಲು ಹತ್ತಿದಳು, ಬಾಗಿಲು ತಟ್ಟಲು ಕೈ ಎತ್ತಿದಳು. ನಾನು ಉಸಿರು ಬಿಗಿಹಿಡಿದು ಪುಟ ತಿರುವಿದೆ. ಅಲ್ಲಿ ಪ್ರಕಾಶಕರ ಅಡುಗೆ ಪುಸ್ತಕಗಳ ಜಾಹೀರಾತಿತ್ತು.

ಪುಟ ಬಿದ್ದುಹೋಗಿದೆ ಎಂದು ನಾವು ನಾಲ್ವರೂ ಒಮ್ಮತದಿಂದ ತೀರ್ಮಾನಿಸಿದೆವು. ನಮ್ಮ ಕಸುಬಿನಲ್ಲಿ ಒಂದು ಹಲ್ಲು ಕಡಿಮೆಯಿರುವ ಸೆಟ್ಟು ಹೊರಗೆ ಹೋದರೆ ವೈದ್ಯರು ಅದಕ್ಕೆ ಕೆಂಪು ಚೀಟಿ ಅಂಟಿಸಿ ವಾಪಸು ಕಳಿಸುತ್ತಾರೆ, ನಾವು ತುಟಿಪಿಟಕ್ಕೆನ್ನದೆ ಹಲ್ಲು ಕೂರಿಸಿ ಕಳಿಸುತ್ತೇವೆ. ಆ ಪದ್ಧತಿಯಂತೆಯೇ ಭಾವ ತಮ್ಮ ಸಂಪುಟಕ್ಕೆ ಕೆಂಪು ಚೀಟಿ ಅಂಟಿಸಿ, "ಕೊನೆಯಲ್ಲಿ ಒಂದು ಬಿಟ್ಟುಹೋಗಿದೆ, ಕೂರಿಸಿ ಕಳಿಸುವುದು" ಎಂದು ಬರೆದು, ಚಿಕ್ಕಪ್ಪನ ಕೈಯಲ್ಲಿ ಪುಸ್ತಕದಂಗಡಿಗೆ ಕಳಿಸಿದರು. ಅಂಗಡಿಯವರು ಮಾತಾಡದೆ ಬೇರೆ ಪ್ರತಿ ಕೊಟ್ಟರು. ಅದರಲ್ಲೂ ಅಡುಗೆ ಪುಸ್ತಕದ ಜಾಹೀರಾತೇ ಇತ್ತು. ಅದಕ್ಕೂ ಕೆಂಪು ಚೀಟಿ ಅಂಟಿಸಿದೆವು. ಈ ಸಲ ಅಂಗಡಿಯವರು ಕೈಮುಗಿದು, "ಪುಟ ಬಿದ್ದಿಲ್ಲ ಯಜಮಾನ್ರೇ, ಕಥೆನೇ ಅಷ್ಟು. ಬೆಳಗ್ಗಿಂದ ಎಲ್ಲರಿಗೂ ಇದನ್ನೇ ಹೇಳಿ ಹೇಳಿ ಗಂಟಲು ಕಟ್ಟಿದೆ" ಎಂದರಂತೆ. ಕೆಲಸವನ್ನು ಅರ್ಧಕ್ಕೆ ಬಿಟ್ಟು ಅದನ್ನು ಮುಗಿದ ಕೆಲಸವೆಂದು ಕಳಿಸಬಹುದು ಎಂಬ ವಿದ್ಯೆ ಈ ವರ್ಕ್‌ಶಾಪಿಗೆ ಅಂದಿನವರೆಗೂ ತಿಳಿದಿರಲಿಲ್ಲ. ಕಲಿಸಿಕೊಟ್ಟ ತಮಗೆ ಋಣಿಗಳಾಗಿದ್ದೇವೆ.

ಆಮೇಲೆ ನಡೆದ ಅನಾಹುತಗಳನ್ನು ಸಂಕ್ಷಿಪ್ತವಾಗಿ ಅರಿಕೆ ಮಾಡಿಕೊಳ್ಳುತ್ತೇನೆ. ಬಾಗಿಲು ತೆರೆದೇ ತೆರೆಯುತ್ತದೆ ಎಂಬುದು ಭಾವನ ಪಕ್ಷ. ತೆರೆಯುವುದಿಲ್ಲ, ಅಷ್ಟು ವರ್ಷ ಅದೇ ಬಾಡಿಗೆ ಮನೆಯಲ್ಲಿ ಯಾರಿರುತ್ತಾರೆ ಎಂಬುದು ಚಿಕ್ಕಪ್ಪನ ಪಕ್ಷ. ಬಾಡಿಗೆ ಮನೆಯೆಂದು ಯಾವ ಸಂಪುಟದಲ್ಲಿದೆ ಎಂದು ಭಾವ ರೇಗಿದರು. ಸ್ವಂತ ಮನೆಯೆಂದು ತಾನೆ ಎಲ್ಲಿದೆ ಎಂದು ಚಿಕ್ಕಪ್ಪ ತಮ್ಮ ಸೆಟ್ಟನ್ನೇ ಕಟಕಟ ಕಡಿದರು. ಆ ರೋಷದಲ್ಲಿ ಭಾವ ಒಬ್ಬ ನಿವೃತ್ತ ಮೇಷ್ಟರ ಸೆಟ್ಟಿಗೆ ಎದುರಿನಲ್ಲೇ ನಾಲ್ಕು ಕೋರೆಹಲ್ಲು ಜೋಡಿಸಿಬಿಟ್ಟಿದ್ದರು, ಮೇಣದಲ್ಲಿದ್ದಾಗಲೇ ಕಣ್ಣಿಗೆ ಬಿದ್ದದ್ದರಿಂದ ಆ ಸಾಧುಜೀವಿಯ ಮಾನ ಉಳಿಯಿತು. ನಮ್ಮ ಗಿರಾಕಿಗಳಾದ ದಂತವೈದ್ಯರೊಬ್ಬರು, ಹೀಗೆ ಮುಗಿಸುವುದೇ ಉನ್ನತ ಕಲೆಯೆಂದು ತಮ್ಮ ರೋಗಿಗಳಿಗೆಲ್ಲ ವಿವರಿಸುತ್ತಿದ್ದಾರಂತೆ. ಬಾಯಿ ಅಗಲಿಸಿ ಕೂತವರಲ್ಲಿ ಒಬ್ಬರೂ ಎದುರು ಮಾತಾಡಲಿಲ್ಲವೆಂದು ಅವರಿಗೆ ಹೆಮ್ಮೆ.

ಸಂದರ್ಶನವೊಂದರಲ್ಲಿ ತಾವು, ಮುಂದಿನದನ್ನು ಓದುಗರ ಕಲ್ಪನೆಗೆ ಬಿಟ್ಟಿದ್ದೇನೆ ಎಂದು ಅಪ್ಪಣೆ ಕೊಡಿಸಿದ್ದೀರಿ. ಎಂಥ ಔದಾರ್ಯ! ಪರದೆಯ ಕಸೂತಿಯಲ್ಲಿ ಒಂದು ಎಲೆಯನ್ನೂ ನಮ್ಮ ಕಲ್ಪನೆಗೆ ಬಿಡದವರು ಬಾಗಿಲನ್ನು ಇಡಿಯಾಗಿ ಬಿಟ್ಟುಕೊಟ್ಟಿದ್ದೀರಿ. ನಾವೂ ಇನ್ನು ಮುಂದೆ ಎದುರಿನ ಎರಡು ಹಲ್ಲನ್ನು ರೋಗಿಗಳ ಕಲ್ಪನೆಗೆ ಬಿಡಬೇಕೆಂದಿದ್ದೇವೆ. ಅವರು ಕಲ್ಪನೆಯಿಂದಲೇ ಅಗಿಯಲಿ.

ನಗೆಮಾತು ಸಾಕು ಮಾಡುತ್ತೇನೆ. ಅತ್ತೆ ಯಾವ ಪಕ್ಷಕ್ಕೂ ಸೇರಲಿಲ್ಲ. ಓದು ಮುಗಿದಾಗ "ಮುಂದೆ?" ಎಂದರು, ಮುಂದಿಲ್ಲ ಎಂದೆ, ತಿರುಗಿ ಯಂತ್ರ ಹಚ್ಚಿದರು. ಅಂದಿನಿಂದ ಹೊಳೆಯುವ ಸೆಟ್ಟನ್ನೇ ಮತ್ತೆ ಮತ್ತೆ ಉಜ್ಜುತ್ತಿದ್ದಾರೆ. ಅತ್ತ ಮಗಳೂ ಫೋನು ಮಾಡುವುದನ್ನು ನಿಲ್ಲಿಸಿದ್ದಾಳೆ, ಏಕೆಂದರೆ ಎಲ್ಲಿಯವರೆಗೆ ಬಂದರೆಂದು ಕೇಳಲು ಇನ್ನು ಅಧ್ಯಾಯ ಉಳಿದಿಲ್ಲ. ಅವರಿಬ್ಬರ ನಡುವೆ ಇದ್ದದ್ದು ತಮ್ಮ ಪುಸ್ತಕ ಒಂದೇ, ಮಾನ್ಯರೇ.

ಆದ್ದರಿಂದ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ, ಒಳಗಿನಿಂದ ಚಿಲಕ ತೆಗೆದ ಸದ್ದೊಂದನ್ನು ಬರೆದು ಕಳಿಸಬೇಕು. ಅಪ್ಪುಗೆ, ಕಣ್ಣೀರು, ಹೂಮಳೆ ಯಾವುದೂ ಬೇಡ, ಚಿಲಕ ಸಾಕು. ಅದೂ ಕಷ್ಟವೆಂದರೆ ಆರನೇ ಸಂಪುಟದಿಂದ ಕೆಲಸವಿಲ್ಲದೆ ಕೂತಿರುವ ಮೂರನೇ ರಾಜನನ್ನು ಆನೆಯ ಸಮೇತ ಕಳಿಸಿ ಬಾಗಿಲು ಒಡೆಸಬಹುದು. ರಾಜನಿಗೂ ಪುರುಸೊತ್ತಿಲ್ಲದಿದ್ದರೆ ತಾವೇ ಒಂದು ಮಧ್ಯಾಹ್ನ ಇಲ್ಲಿಗೆ ದಯಮಾಡಿಸಿ, ಅತ್ತೆಯ ಎದುರಿಗೆ ಸ್ಟೂಲಿನ ಮೇಲೆ ಕೂತು, ಬಾಗಿಲು ತೆರೆಯಿತೆಂದು ಬಾಯಿಬಿಟ್ಟು ಹೇಳಿ ಹೋಗಬಹುದು. ಪ್ಲಾಸ್ಟರಿಗೆ ಎಷ್ಟು ಬೇಕಾದರೂ ನೀರು ಹಾಕಿ ಕಾಯುತ್ತೇನೆ.

ಇಷ್ಟಾದ ಮೇಲೂ, ಏಕೆಂದು ಕೇಳಬೇಡಿ,
ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ
ಪ್ಲಾಸ್ಟರ್ ಕಲಸುವವಳು

ತಡವಾಗಿ ಸೇರಿಸಿದ್ದು: ಲಕೋಟೆಗೆ ಹಾಕುವ ಮುನ್ನ ಈ ಪತ್ರವನ್ನು ಅತ್ತೆಗೆ ಓದಿ ಹೇಳಿದೆ. ಯಂತ್ರ ನಿಲ್ಲಿಸಿ ಕೊನೆಯವರೆಗೂ ಕೇಳಿದರು. "ಅವರನ್ನ ಅಷ್ಟೊಂದು ಯಾಕೆ ಬೇಡ್ಕೋತೀಯ? ಇಷ್ಟು ದಿನ ನಾನು ಬಾಗಿಲ ಒಳಗಿರೋಳು ಅಂದ್ಕೊಂಡು ಕೂತಿದ್ದೆ, ಅದೇ ತಪ್ಪಾಗಿದ್ದು" ಎಂದು ಎದ್ದು, ಕೈ ತೊಳೆದು, ತಮಗೆ ಅರ್ಧ ದಿನ ರಜೆ ಬೇಕೆಂದು ಭಾವನಿಗೆ ಹೇಳಿ, ಊರಿನ ಆ ತುದಿಗೆ ಹೋಗುವ ಬಸ್ಸು ಹತ್ತಿದರು. ಮರುದಿನ ಕೆಲಸಕ್ಕೆ ಬರಲಿಲ್ಲ. ಅದರ ಮರುದಿನ ಬಂದರು. ಅಲ್ಲಿ ಮೆಟ್ಟಿಲು ಹತ್ತಿ ಅವರು ಕೈ ಎತ್ತಿದ ಮೇಲೆ ಏನಾಯಿತೆಂಬುದು ಈಗ ನಮಗೆಲ್ಲ ಗೊತ್ತು. ಪುಸ್ತಕದಂಗಡಿಯವರಿಗೂ ಚಿಕ್ಕಪ್ಪ ಹೋಗಿ ಹೇಳಿ ಬಂದಿದ್ದಾರೆ. ತಮಗೆ ಹೇಳುವುದಿಲ್ಲ.