ಮುಖ ನಿಲ್ಲದ ದೇಶ

ಕುಮಟೆ ಹತ್ತಿರದ ಬಾಡದಲ್ಲಿ ತೆಂಗಿನ ಮರದಿಂದ ಮಡಲು ಬೀಳುವುದು ಸುದ್ದಿಯಲ್ಲ. ಆದರೆ ಹೋದ ಗುರುವಾರ ಮೂರು ಗಂಟೆಗೆ ಬಿದ್ದ ಒಂದು ಮಡಲು ರಮಾನಂದ ನಾಯ್ಕನನ್ನು ಊರು ಬಿಡಿಸುವ ಮಟ್ಟಕ್ಕೆ ಬಂತು. ಅದು ಬಿದ್ದದ್ದು ಅವನ ಮನೆಗೆ ಇಂಟರ್‌ನೆಟ್ ತರುವ ತಂತಿಯ ಮೇಲೆ.

ರಮಾನಂದನ ಕೆಲಸ ಊರಿನಲ್ಲಿ ಯಾರಿಗೂ ಪೂರ್ತಿ ಅರ್ಥವಾಗಿರಲಿಲ್ಲ. ಐರ್ಲೆಂಡಿನ ಒಂದು ಕಾಲೇಜಿನಲ್ಲಿ ಮಾಸ್ತರರು ಪಾಠ ಹೇಳುತ್ತಾರೆ. ಬಾಡದ ಮನೆಯ ಹಿಂಕೋಣೆಯಲ್ಲಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂತ ರಮಾನಂದ ಅದನ್ನು ಕೇಳುತ್ತಲೇ ಟೈಪು ಮಾಡುತ್ತಾನೆ. ಆ ಅಕ್ಷರಗಳು ಅಲ್ಲಿ ಕಿವಿ ಕೇಳದ ಆರು ಜನ ವಿದ್ಯಾರ್ಥಿಗಳ ಕಣ್ಣೆದುರು ಆಗಿಂದಾಗ ಮೂಡುತ್ತವೆ. ಕುಮಟೆಯ ವಕೀಲರೊಬ್ಬರ ಕಚೇರಿಯಲ್ಲಿ ಹನ್ನೊಂದು ವರ್ಷ ಟೈಪು ಮಾಡಿ ಅವನ ಬೆರಳುಗಳು ಮಾತಿಗಿಂತ ಮುಂದೆ ಓಡುವಷ್ಟು ಪಳಗಿದ್ದವು. ಪಾಠ ಮುಗಿದಾಗ ಆರು ಜನರಲ್ಲಿ ಒಬ್ಬಳು ತಪ್ಪದೆ 'ಥ್ಯಾಂಕ್ಯೂ' ಎಂದು ಬರೆಯುತ್ತಿದ್ದಳು. ಹನ್ನೊಂದು ವರ್ಷದಲ್ಲಿ ವಕೀಲರು ಒಮ್ಮೆಯೂ ಹೇಳದ ಮಾತು ಅದು. ಈ ಕೆಲಸವನ್ನು ರಮಾನಂದ ಸಂಬಳಕ್ಕಿಂತ ಹೆಚ್ಚಾಗಿ ಹಚ್ಚಿಕೊಂಡದ್ದು ಆ ಒಂದು ಮಾತಿಗಾಗಿ.

ಗುರುವಾರ ತಂತಿ ಹರಿದು, ಮತ್ತೆ ಜೋಡಿಸುವಷ್ಟರಲ್ಲಿ ಒಂದು ತಾಸು ಕಳೆದಿತ್ತು. ಪರದೆಯ ಮೇಲೆ ಅವಳು 'ನೀವು ಇದ್ದೀರಾ?' ಎಂದು ಮೂರು ಸಲ ಬರೆದಿದ್ದಳು. ರಮಾನಂದನಿಗೆ ಆ ದಿನ ಅನ್ನ ಇಳಿಯಲಿಲ್ಲ.

ಒಂದೇ ತಿಂಗಳಲ್ಲಿ ಇದು ಮೂರನೆಯ ಸಲ. ಸೋಮವಾರ ಬೆಳಿಗ್ಗೆ ಕಂಪನಿಯ ಮೇಡಂ ಬಹಳ ಮರ್ಯಾದೆಯಿಂದ ಒಂದು ಮೇಲ್ ಕಳಿಸಿದರು. ನೆಟ್ ಗಟ್ಟಿಯಾಗಿರುವ ಕಡೆ ಹೋಗಿ ಇರಬೇಕು. ಒಮಾನ್, ಮಲೇಷ್ಯಾ, ಮಾಲ್ಟಾ, ಈ ಮೂರು ದೇಶಗಳಿಗೆ ಕಾಗದಪತ್ರವನ್ನು ಕಂಪನಿಯೇ ಮಾಡಿಸುತ್ತದೆ. ಒಂದನ್ನು ಆರಿಸಿ, ಅಲ್ಲಿ ಉಳಿಯುವ ಜಾಗದ ನೆಟ್ ವೇಗವನ್ನು ಅಳೆದ ಚಿತ್ರವನ್ನು ಸಂಜೆ ಆರರೊಳಗೆ ಕಳಿಸಬೇಕು. ಇಲ್ಲವಾದರೆ ಬೇರೆ ಜನ ನೋಡಿಕೊಳ್ಳದೆ ಉಪಾಯವಿಲ್ಲ.

ರಮಾನಂದ ಇದನ್ನು ಹೆಂಡತಿ ಮಂಗಲಾಗೆ ಮಾತ್ರ ಹೇಳಿದ. ಆದರೆ ಹೇಳಿದ್ದು ಅವಳು ಅಂಗಳದಲ್ಲಿ ಮೀನು ಕೊಳ್ಳುತ್ತಿದ್ದಾಗ. ಮೀನಿನ ಬುಟ್ಟಿ ನಾಲ್ಕು ಮನೆ ದಾಟುವುದರೊಳಗೆ ಸುದ್ದಿ ಹದಿನಾಲ್ಕು ಮನೆ ದಾಟಿತು. ಎಂಟು ಗಂಟೆಗೆ ಅಂಗಳ ತುಂಬಿತ್ತು.

"ದೇಶ ಆರ್ಸೂದು ಅಂದ್ರೆ ಎಂತ ದೊಡ್ಡ ಕೆಲಸ?" ಎಂದಳು ಪಕ್ಕದ ಮನೆಯ ಚೌಡಮ್ಮ. "ಫೋನ್ ಹಚ್ಚಿ ಮುಖ ನೋಡೂದು. ಮುಖ ನಿಂತು ಹೋದ್ರೆ ಆ ದೇಶ ಬ್ಯಾಡ. ಮುಖ ಓಡಾಡ್ತಾ ಇದ್ರೆ ಆ ದೇಶ ಆತು."

ಎಲ್ಲರಿಗೂ ಇದು ಸರಿಯೆನ್ನಿಸಿತು. ಆ ಕೇರಿಯಲ್ಲಿ ಹೊರದೇಶದಲ್ಲಿ ಒಬ್ಬರಾದರೂ ಇಲ್ಲದ ಮನೆ ಕಡಿಮೆ. ಹೊರದೇಶಕ್ಕೆ ಫೋನ್ ಹಚ್ಚುವುದು ಸಮುದ್ರದ ದಂಡೆಯ ಬಾಗಿದ ತೆಂಗಿನ ಬುಡದಲ್ಲಿ, ಯಾಕೆಂದರೆ ಮೊಬೈಲಿಗೆ ಸಿಗ್ನಲ್ ಸರಿಯಾಗಿ ಸಿಗುವುದು ಅಲ್ಲೊಂದೇ ಕಡೆ. ಮೆರವಣಿಗೆ ಅತ್ತ ಹೊರಟಿತು. ನಡುವೆ ರಮಾನಂದ, ಮದುಮಗನ ಹಾಗೆ, ತಲೆ ತಗ್ಗಿಸಿಕೊಂಡು.

ಮೊದಲು ಚೌಡಮ್ಮನ ಮಗ ನಿತೇಶ, ಒಮಾನ್. ಮುಖ ಬಂತು, ಬಾಯಿ ತೆರೆಯಿತು, ಹಾಗೆಯೇ ನಿಂತಿತು.

"ಅಯ್ಯೋ, ಬಾಯಿ ತೆರ್ಕಂಡೇ ಅದಾನೆ," ಎಂದು ಚೌಡಮ್ಮ ಕಂಗಾಲಾದಳು. "ಹೊಟ್ಟೆಗೆ ಸಮಾ ತಿಂತಾ ಇಲ್ಲ ಕಾಣ್ತದೆ."

ಹತ್ತು ನಿಮಿಷ ಬಿಟ್ಟು ನಿತೇಶನೇ ಮೆಸೇಜು ಹಾಕಿದ, ತಾನು ಲಿಫ್ಟಿನೊಳಗಿದ್ದೆ ಎಂದು. ಆದರೆ ಅಷ್ಟರಲ್ಲಿ ಬಾಡದ ಜನ ಒಮಾನ್ ದೇಶವನ್ನು ಪಟ್ಟಿಯಿಂದ ತೆಗೆದಾಗಿತ್ತು. ತಾಯಿಯ ಎದುರು ಬಾಯಿ ಮುಚ್ಚಲಾಗದ ದೇಶದಲ್ಲಿ ರಮಾನಂದ ಹೇಗೆ ಕೆಲಸ ಮಾಡಿಯಾನು?

ಎರಡನೆಯದು ಮಲೇಷ್ಯಾ. ಅಲ್ಲಿದ್ದವನು ನಿವೃತ್ತ ಮಾಸ್ತರ ಹರಿಹರರ ಸೋದರಳಿಯ ಸಂತೋಷ. ಹರಿಹರ ಮಾಸ್ತರರು ಮೂವತ್ತು ವರ್ಷ ಶಾಲೆಯಲ್ಲಿ ಪ್ರಶ್ನೆ ಕೇಳಿದವರು. ಒಂದು ಪ್ರಶ್ನೆಗೆ ಉತ್ತರ ಬರುವವರೆಗೆ ಕಾಯುವ ಅಭ್ಯಾಸ ಅವರಿಗಿರಲಿಲ್ಲ.

"ನೆಟ್ ಎಷ್ಟು ದಿನಕ್ಕೊಮ್ಮೆ ಕೈ ಕೊಡ್ತದೆ?" ಎಂದು ಕೇಳಿದರು. ಸಂತೋಷ ಸುಮ್ಮನೆ ನಗುತ್ತಿದ್ದ. "ಅದಿರಲಿ, ಅಲ್ಲಿ ಸೆಖೆ ಜಾಸ್ತಿ ಅಂಬ್ರು. ಸ್ನಾನ ಎಷ್ಟು ಸಲ ಮಾಡ್ತೀ?"

ಆಗ ಸಂತೋಷನ ದನಿ ತೇಲಿಬಂತು. "ತಿಂಗಳಿಗೆ ಒಂದು ಸಲ ಆದ್ರೆ ಹೆಚ್ಚು, ಮಾವ."

ತೆಂಗಿನ ಬುಡದಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡರು. ಆ ಹುಡುಗನಿಗೆ ಹೊನ್ನಾವರದ ಕಡೆ ಒಂದು ಹೆಣ್ಣು ನೋಡಿಟ್ಟಿದ್ದರು. ಉತ್ತರ ಒಂದು ಪ್ರಶ್ನೆಯಷ್ಟು ಹಿಂದೆ ಬರುತ್ತಿದೆ ಎಂದು ರಮಾನಂದ ಎಲ್ಲರಿಗೂ ಬಿಡಿಸಿ ಹೇಳುವಷ್ಟರಲ್ಲಿ ಸಾಕುಬೇಕಾಯಿತು. ಹರಿಹರ ಮಾಸ್ತರರು ಮಾತ್ರ, "ಮಾತು ತಡ ಮಾಡೂ ದೇಶ ಬ್ಯಾಡ. ನಿನ್ನ ಕೆಲಸಕ್ಕೆ ಆಗೂದಿಲ್ಲ," ಎಂದು ಫೋನ್ ಕಿಸೆಗೆ ಹಾಕಿದರು.

ಅಷ್ಟು ಹೊತ್ತೂ ಸುಮ್ಮನೆ ಕೂತಿದ್ದ ದುರ್ಗಪ್ಪ ಆಗ ಎದ್ದ. ದುರ್ಗಪ್ಪ ಒಣಮೀನಿನ ವ್ಯಾಪಾರದವನು, ಮಾತು ಕಡಿಮೆ. ಅವನ ಮಗಳು ಸುಚಿತಾ ಬಾಣಂತನಕ್ಕೆ ಬಂದವಳು ತವರಿನಲ್ಲೇ ಇದ್ದಳು. ಅಳಿಯ ಸಂಜಯ ಒಂದು ವರ್ಷದಿಂದ ಮಾಲ್ಟಾದ ಹೊಟೇಲೊಂದರಲ್ಲಿದ್ದ.

"ಮಾಲ್ಟಾ ನೋಡಿಬಿಡುವ," ಎಂದ ದುರ್ಗಪ್ಪ.

ಸಂಜಯನ ಮುಖ ಬಂದದ್ದೇ ಜನ ಬೆರಗಾದರು. ಮುಖ ಓಡಾಡಿತು, ನಕ್ಕಿತು, ಕೆಮ್ಮಿತು. ಕೆಮ್ಮಿದ್ದು ಕೆಮ್ಮಿದ ಹೊತ್ತಿಗೇ ಕೇಳಿತು. ಅವನ ಹಿಂದಿನ ಗೋಡೆಯ ಬಿರುಕು, ಅದರಲ್ಲಿ ಓಡಾಡುವ ಇರುವೆ ಕೂಡ ಎಣಿಸುವಷ್ಟು ಚೊಕ್ಕವಾಗಿತ್ತು.

"ಇಲ್ಲೇ ಪಕ್ಕದಲ್ಲಿ ಕೂತಾಂಗೆ ಅದೆ," ಎಂದಳು ಚೌಡಮ್ಮ.

ಸಂಜಯ ಯಾಕೋ ಆ ಮಾತಿಗೆ ಮತ್ತೊಮ್ಮೆ ಕೆಮ್ಮಿದ. ನೆಟ್ ವೇಗ ಅಳೆದು ಚಿತ್ರ ಕಳಿಸು ಎಂದದ್ದಕ್ಕೆ, "ಆತು ಮಾವ, ಈಗ್ಲೇ ಕಳಿಸ್ತೆ," ಎಂದು ಫೋನ್ ಇಟ್ಟ. ಐದು ನಿಮಿಷದಲ್ಲಿ ಚಿತ್ರ ರಮಾನಂದನ ಮೊಬೈಲಿಗೆ ಬಂತು. ದೊಡ್ಡ ಅಂಕಿಗಳನ್ನು ಎಲ್ಲರೂ ನೋಡಿ ಸಂತೋಷಪಟ್ಟರು. ಕೆಳಗೆ ಇರುವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಅಳೆದ ಜಾಗದ ಹೆಸರಿತ್ತು. ಅದನ್ನು ಓದಿದವನು ರಮಾನಂದ ಒಬ್ಬನೇ.

ಹೊನ್ನಾವರ, ಕರ್ನಾಟಕ.

ಹೊಟ್ಟೆ ನೋವೆಂದು ಹೇಳಿ ರಮಾನಂದ ಮನೆಗೆ ಓಡಿದ. ಹಿತ್ತಲಿನ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಮನೆಯ ವೈಫೈಯಲ್ಲೇ ಸಂಜಯನಿಗೆ ಫೋನ್ ಹಚ್ಚಿದ.

"ಖರೆ ಹೇಳು ಸಂಜಯ. ಈಗ ಎಲ್ಲಿದ್ದೆ?"

ನೆಟ್ ಎಷ್ಟು ಚೆನ್ನಾಗಿತ್ತೆಂದರೆ, ಆ ಕಡೆ ಅವನು ಉಗುಳು ನುಂಗಿದ್ದೂ ಕೇಳಿಸಿತು.

"ಹೊನ್ನಾವರದ ಹತ್ರ, ಕಾಸರಕೋಡದಲ್ಲಿ, ರಮಾನಂದಣ್ಣ. ಹೊಟೇಲು ಮುಚ್ಚಿಹೋತು. ಬಂದು ಮೂರು ತಿಂಗಳಾತು. ಇಲ್ಲಿ ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯೂ ರೈಟರ್ ಕೆಲಸ ಮಾಡ್ತೆ. ಮೇಲೆ ಒಂದು ಕೋಣೆ ಕೊಟ್ಟಿದಾರೆ." ದನಿ ಸಣ್ಣಗಾಯಿತು. "ಮಾವ ಇಡೀ ಕೇರಿಯನ್ನೇ ಕರ್ಕಂಡು ಬಂದು ಕಳಿಸ್ಕೊಟ್ಟಿದ್ರು. ಖಾಲಿ ಕೈಯಲ್ಲಿ ಅವರೆದುರು ಹ್ಯಾಂಗೆ ನಿಲ್ಲೂದು? ಬೇರೆ ಕಡೆ ಅರ್ಜಿ ಹಾಕಿದ್ದೆ. ಅಲ್ಲೀ ತನಕ ಹೇಳಬ್ಯಾಡಿ. ನಿಮ್ಮ ಕಾಲಿಗೆ ಬೀಳ್ತೆ."

ರಮಾನಂದನಿಗೆ ಕೋಪ ಬರಬೇಕಿತ್ತು, ಬರಲಿಲ್ಲ. ಹೆಂಡತಿ, ಹಸುಗೂಸು ಒಂದು ತಾಸಿನ ದಾರಿಯಲ್ಲಿದ್ದರೂ ಕೂಸಿನ ಮುಖವನ್ನು ಫೋನಿನಲ್ಲೇ ನೋಡುತ್ತಿರುವವನ ಮೇಲೆ ಯಾರು ಕೋಪ ಮಾಡುತ್ತಾರೆ? ಆದರೆ ಮರುಕದ ಬೆನ್ನಿಗೇ ಅವನ ತಲೆಯಲ್ಲಿ ಇನ್ನೊಂದು ದೀಪ ಹೊತ್ತಿತು.

"ಅಲ್ಲಿ ನೆಟ್ ಇಷ್ಟು ಗಟ್ಟಿ ಹ್ಯಾಂಗೆ?"

"ಮೀನು ಹೊರದೇಶಕ್ಕೆ ಕಳಿಸೂರು ಬೇರೆಯೇ ಲೈನು ಹಾಕ್ಸಿದಾರೆ. ನೆಲದೊಳಗಿಂದ ಬತ್ತದೆ. ಬಂದಲ್ಲಿಂದ ಒಂದು ದಿನ ಹೋದದ್ದಿಲ್ಲ. ಒಂದು ಮೇಜು ಹಾಕ್ಕಂಬೂಕೆ ಜಾಗನೂ ಅದೆ."

ರಮಾನಂದ ಕೂಡಲೇ ಮೇಡಂಗೆ ಬರೆದ, ನನ್ನ ಮನೆಯಿಂದ ಒಂದು ತಾಸಿನ ದೂರದಲ್ಲೇ ಒಳ್ಳೆಯ ಜಾಗ ಸಿಕ್ಕಿದೆ, ಅಲ್ಲಿಂದ ಮಾಡಬಹುದೇ ಎಂದು. ಚಿತ್ರವನ್ನೂ ಕಳಿಸಿದ. ಊಟದ ಹೊತ್ತಿಗೆ ಉತ್ತರ ಬಂತು. ಧಾರಾಳವಾಗಿ ಮಾಡಿ, ನಮಗೆ ಬೇಕಾದದ್ದು ಗಟ್ಟಿ ನೆಟ್, ಕಾಗದಪತ್ರದ ಗೋಳು ತಪ್ಪಿತು, ಮುಂದಿನ ಸೋಮವಾರದಿಂದ ಸುರು ಮಾಡಿ.

ರಮಾನಂದ ದೇವರ ಕೋಣೆಗೆ ಹೋಗಿ ದೀಪ ಹಚ್ಚಿದ. ಎಷ್ಟು ಸುಲಭ. ಬೆಳಿಗ್ಗೆ ಬಸ್ಸಿಗೆ ಹೋಗುವುದು, ಪಾಠ ಮುಗಿಸಿ ರಾತ್ರಿ ಊಟಕ್ಕೆ ಮನೆಗೆ ಬರುವುದು. ಮಂಗಲಾಗೆ ಎಲ್ಲವನ್ನೂ ಹೇಳಿದ. ಅವಳೂ ಸಮಾಧಾನದ ಉಸಿರು ಬಿಟ್ಟಳು.

"ಆದ್ರೆ ಹೊರಗೆ ಅವ್ರಿಗೆಲ್ಲ ಎಂತ ಹೇಳ್ತ್ರಿ?" ಎಂದು ಕೇಳಿದಳು.

ಹೊರಗೆ ಎಂದರೆ ಅಂಗಳ. ಅಂಗಳದಲ್ಲಿ ಆ ಹೊತ್ತಿಗೆ ಮಾಲ್ಟಾ ಪ್ರಯಾಣದ ತಯಾರಿ ಮುಗಿಯುತ್ತ ಬಂದಿತ್ತು. ಚೌಡಮ್ಮ ಎರಡು ಸೇರು ಒಣಸಿಗಡಿ ಕಟ್ಟಿ ತಂದಿದ್ದಳು. ಯಾರೋ ಸಾರಿನ ಹುಳಿಗೆ ಮುರುಗಲ ಸಿಪ್ಪೆ, ಯಾರೋ ತೆಂಗಿನೆಣ್ಣೆ, ಯಾರೋ ಹಲಸಿನ ಹಪ್ಪಳ ತಂದಿದ್ದರು. ಹರಿಹರ ಮಾಸ್ತರರು ತಮ್ಮ ಮದುವೆಯ ಕೋಟನ್ನೇ ಹೊತ್ತು ತಂದಿದ್ದರು, ಅಲ್ಲಿ ಚಳಿ ಇರಬಹುದೆಂದು. ಆ ಕಡೆಯವರಿಗೆ ಒಂದು ರೂಢಿಯಿದೆ. ಊರಿನವನೊಬ್ಬ ಹೊರದೇಶಕ್ಕೆ ಹೊರಟರೆ ಕೇರಿಗೆ ಕೇರಿಯೇ ಗಾಡಿ ಮಾಡಿಕೊಂಡು ಗೋವಾದ ವಿಮಾನ ನಿಲ್ದಾಣದವರೆಗೆ ಹೋಗಿ ಕಳಿಸಿ ಬರುತ್ತದೆ. ಭಾನುವಾರಕ್ಕೆ ಎರಡು ಟೆಂಪೋ ಆಗಲೇ ಹೇಳಿಯಾಗಿತ್ತು.

ರಮಾನಂದ ಮೆಟ್ಟಿಲ ಮೇಲೆ ನಿಂತ. ಗುರುವಾರ ಮಡಲು ಬಿದ್ದಾಗ ಮಳೆಯಲ್ಲಿ ಏಣಿ ಹಿಡಿದು ನಿಂತವರು ಇವರೇ. ಅವನ ಪಾಠದ ಹೊತ್ತಿನಲ್ಲಿ ಕೋಳಿಯನ್ನು ಕೂಡ ಕೂಗಗೊಡದೆ ಬುಟ್ಟಿ ಮುಚ್ಚಿದವರು ಇವರೇ. ಇವರಿಗೆ ಸುಳ್ಳು ಹೇಳುವುದು ಆಗದ ಮಾತು ಎಂದುಕೊಂಡು, "ನಾನು ಹೋಗ್ತಾ ಇರೂದು..." ಎಂದು ಬಾಯಿ ತೆರೆದ.

ಎದುರಿಗೆ ದುರ್ಗಪ್ಪ ನಿಂತಿದ್ದ, ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು. ಪಕ್ಕದಲ್ಲಿ ಸುಚಿತಾ. ಕಾಸರಕೋಡ ಎಂದರೆ ಕಾಸರಕೋಡದಲ್ಲಿ ಎಲ್ಲಿ ಎಂದು ಕೇಳುತ್ತಾರೆ. ಐಸ್ ಪ್ಲಾಂಟು ಎಂದರೆ ನಾಳೆ ಬೆಳಿಗ್ಗೆ ನೋಡಲು ಹತ್ತು ಜನ ಬರುತ್ತಾರೆ. ಆಮೇಲೆ ಸಂಜಯ ಈ ಊರಿನ ದಾರಿ ಹಿಡಿಯುವುದು ಯಾವ ಮುಖದಲ್ಲಿ?

"ಮಾಲ್ಟಾಕ್ಕೆ," ಎಂದ ರಮಾನಂದ.

ಚಪ್ಪಾಳೆ ಬಿತ್ತು. ಒಳಗೆ ಮಂಗಲಾ ಹಣೆ ಚಚ್ಚಿಕೊಂಡಳು.

ಹೊತ್ತು ಮುಳುಗುವಾಗ ಜನ ಚದುರಿದರು. ದುರ್ಗಪ್ಪ ಒಬ್ಬನೇ ಉಳಿದ. ಜಗಲಿಯ ಮೇಲೆ ಕೂತು, ಎಲೆಗೆ ಸುಣ್ಣ ಹಚ್ಚುತ್ತ, ಸಾವಕಾಶವಾಗಿ ಕೇಳಿದ.

"ಆ ಐಸ್ ಪ್ಲಾಂಟಿನ ಮೇಲಿನ ಕೋಣೆಯಲ್ಲಿ ಇಬ್ಬರು ಮಲಗೂಕೆ ಜಾಗ ಅದೆ, ಅಲ್ದಾ?"

"ಯಾವ ಐಸ್ ಪ್ಲಾಂಟು, ದುರ್ಗಪ್ಪಣ್ಣ?" ಎಂದ ರಮಾನಂದ. ಪಾಪ, ಆಡಿದ ಮಾತಿಗೆ ನಿಲ್ಲಬೇಕಲ್ಲ.

ದುರ್ಗಪ್ಪ ನಕ್ಕ. "ಅವ ಬಂದ ವಾರವೇ ನಂಗೆ ಗೊತ್ತಾತು. ಒಣಮೀನು ತರೂಕೆ ಕಾಸರಕೋಡಕ್ಕೆ ಹೋಗಿದ್ದೆ. ನೋಡ್ತೆ, ಅಳಿಯ ಲಾರಿ ಹತ್ರ ನಿಂತ್ಕಂಡು ಬರೀತಾ ಇದ್ದ. ನನ್ನ ನೋಡಿದ್ರೆ ಅವಂಗೆ ನಾಚಿಕೆ ಆಗ್ತದೆ ಹೇಳಿ ನಾನೇ ಮೀನಿನ ಬುಟ್ಟಿ ಹಿಂದೆ ಅಡಗಿ ಕೂತೆ. ಅರ್ಧ ತಾಸು ಕೂತಿದ್ದೆ."

ರಮಾನಂದ ಅವನ ಪಕ್ಕಕ್ಕೆ ಬಂದು ಕೂತ.

"ಅವ ಒಬ್ಬನೇ ಬೇಯಿಸ್ಕಂಡು ತಿಂತ. ಬಾ ಹೇಳಿ ಕರ್ಯೂಕೂ ಆಗೂದಿಲ್ಲ, ಗೊತ್ತದೆ ಹೇಳಿ ಹೇಳೂಕೂ ಆಗೂದಿಲ್ಲ. ನಮ್ಮವ ಒಬ್ಬ ಹತ್ರ ಇದ್ರೆ ಸಾಕಾಗಿತ್ತು ಹೇಳಿ ಮೂರು ತಿಂಗಳಿಂದ ಜೀವ ಒದ್ದಾಡ್ತಾ ಇತ್ತು. ಅದಕ್ಕೇ ಬೆಳಿಗ್ಗೆ ಮಾಲ್ಟಾ ತೆಗೆದದ್ದು. ಆ ಚಿತ್ರ ನೋಡಿ ನೀ ಮನೆಗೆ ಓಡಿದಾಗ್ಲೇ ನಿಂಗೂ ಗೊತ್ತಾತು ಹೇಳಿ ತಿಳ್ಕಂಡೆ." ದುರ್ಗಪ್ಪ ರಮಾನಂದನ ಕೈ ಹಿಡಿದುಕೊಂಡ. ಅವನ ಕಣ್ಣು ಒದ್ದೆಯಾಗಿತ್ತು. "ಇಷ್ಟು ಜನರೆದುರು ನೀ ಅವನ ಮಾನ ಉಳಿಸ್ದೆ. ಈ ಉಪಕಾರ ನಾ ಸಾಯೂ ತನಕ ಮರ್ಯೂದಿಲ್ಲ."

ರಮಾನಂದನ ಎದೆಯೂ ತುಂಬಿ ಬಂತು. ಇಂಥ ಜನರ ನಡುವೆ ಹುಟ್ಟಿದ್ದೇ ಪುಣ್ಯ ಎನಿಸಿತು. ಜೊತೆಗೆ ಒಂದು ಆಸೆಯೂ ಚಿಗುರಿತು.

"ಹಾಗಾದ್ರೆ ದುರ್ಗಪ್ಪಣ್ಣ, ಗುಟ್ಟು ನಿಮಗೇ ಗೊತ್ತದೆ ಅಂದ್ಮೇಲೆ ಆ ಟೆಂಪೋ ಬ್ಯಾಡ ಹೇಳಿಬಿಡುವ. ನಾನು ದಿನಾ ಬಸ್ಸಿಗೆ ಹೋಗಿ ಬತ್ತೆ."

"ಅದು ಹ್ಯಾಂಗೆ ಆಗ್ತದೆ?" ದುರ್ಗಪ್ಪನಿಗೆ ಆಶ್ಚರ್ಯವಾಯಿತು. "ನಮಗೆ ಗೊತ್ತು, ಊರಿಗೆ ಗೊತ್ತಾ? ನಲವತ್ತು ಜನ ಹೆಸರು ಕೊಟ್ಟಾತು. ನೀ ಒಂದು ವರ್ಷ ಆದ್ರೂ ಊರ ಕಡೆ ತಲೆ ಹಾಕಬ್ಯಾಡ. ಮಂಗಲಾ ಬೇಕಾದ್ರೆ ತಿಂಗಳಿಗೊಮ್ಮೆ ಭಟ್ಕಳದ ನೆಂಟರ ಮನೆಗೆ ಹೋಗ್ತೆ ಹೇಳಿ ಬಂದು ನೋಡ್ಕಂಡು ಹೋಗ್ಲಿ."

ರಮಾನಂದ ಜಗಲಿಯ ಕಂಬ ಹಿಡಿದುಕೊಂಡ.

"ವಿಮಾನ ನಿಲ್ದಾಣದಲ್ಲಿ ಟಿಕೆಟ್ ಇಲ್ದೆ ಒಳಗೆ ಬಿಡೂದಿಲ್ಲ," ಎಂದು ದುರ್ಗಪ್ಪ ವಿವರಿಸಿದ. ಎಲ್ಲವನ್ನೂ ಮೊದಲೇ ಯೋಚಿಸಿಟ್ಟಿದ್ದ. "ಬಾಗಿಲ ಹತ್ರ ಎಲ್ಲರಿಗೂ ಕೈ ಬೀಸು, ಮತ್ತೆ ಮೂಲೆ ತಿರುಗಿ ನಿಲ್ಲು. ಟೆಂಪೋ ಹೊರಟ ಮೇಲೆ ಮಡಗಾಂವಿಗೆ ಬಂದು ರೈಲು ಹತ್ತು. ಹೊನ್ನಾವರದಲ್ಲಿ ಸಂಜಯ ಬಂದು ನಿಂತಿರ್ತ. ಒಂದೇ ಒಂದು ತೊಂದ್ರೆ ಅದೆ."

"ಎಂತದು?"

"ಹರಿಹರ ಮಾಸ್ತರಿಗೆ ಟೆಂಪೋದಲ್ಲಿ ವಾಂತಿ ಬತ್ತದೆ. ವಾಪಸ್ ಬರೂಕೆ ಅವರೂ ಅದೇ ರೈಲಿಗೆ ಟಿಕೆಟ್ ತೆಗ್ಸಿದಾರೆ. ನೀ ಮೇಲಿನ ಬರ್ತಿಗೆ ಹತ್ತಿ, ತಲೆ ಮೇಲಿಂದ ಹೊದ್ಕಂಡು ಮಲ್ಗು. ಕುಮಟೆಯಲ್ಲಿ ಅವರು ಇಳಿದ ಮೇಲೆ ಏಳು."