ಗಾಳಿಗೌಡನೂ ನನ್ನ ಮೂಗೂ

ಅರಸೀಕೆರೆಯಲ್ಲಿ ನಿಂತು ನಾನೊಮ್ಮೆ ಮೂಗರಳಿಸಿದರೆ ಸಾಕು, ಬೀರೂರಿನಲ್ಲಿ ಯಾರ ಮನೆ ಸಿಲಿಂಡರ್ ಸೋರುತ್ತಿದೆ, ಒಲೆ ಮೇಲೆ ಏನಿದೆ, ಅದಕ್ಕೆ ಉಪ್ಪು ಬಿದ್ದಿದೆಯೋ ಇಲ್ಲವೋ, ಎಲ್ಲ ಹೇಳಿಬಿಡುತ್ತೇನೆ! ಇಂಥ ಮೂಗಿರುವ ಮನೆಗೆ ನನ್ನ ಹೆಂಡತಿಯ ತಮ್ಮ ವಾಮದೇವ ಯಂತ್ರವೊಂದನ್ನು ತಂದು ನಿಲ್ಲಿಸಿದ.

"ಭಾವ, ಇವನೇ ಗಾಳಿಗೌಡ!"

ಹೊಟ್ಟೆ ಹಳೇ ಟೇಬಲ್ ಫ್ಯಾನು, ಕೈಗಳು ಕೊಡೆಕಡ್ಡಿ, ನೆತ್ತಿಯ ಮೇಲೆ ಕುಕ್ಕರ್ ವಿಷಲ್ಲು.

"ಗ್ಯಾಸ್ ಸೋರಲಿ, ಕಾರ್ಬನ್ ಮಾನಾಕ್ಸೈಡ್ ತುಂಬಲಿ, ವಿಷಲ್ ಹೊಡೆದು, ಕಿಟಕಿ ಬಾಗಿಲು ತೆಗೆದು, ಜನರನ್ನ ಎತ್ತಿ ಬೀದಿಗೆ ಹಾಕ್ತಾನೆ."

"ಆ ಕೆಲಸಕ್ಕೆ ನಿಮ್ಮಕ್ಕ ಇದ್ದಾಳಲ್ಲೋ!" ಎಂದೆ.

ಪರೀಕ್ಷೆಗೆಂದು ನನ್ನ ಹೆಂಡತಿ ನೀಲಾ ಒಂದು ಊದುಬತ್ತಿ ಹಚ್ಚಿದಳು. ಗೌಡ ಕೂಗಿದ. ಕಿಟಕಿ ತೆಗೆದ, ಬಾಗಿಲು ತೆಗೆದ, ಬೀರು ತೆಗೆದ, ಅಕ್ಕಿ ಡಬ್ಬ, ಉಪ್ಪಿನಕಾಯಿ ಭರಣಿ, ಕೊನೆಗೆ ನನ್ನ ಹಲ್ಲುಸೆಟ್ಟಿನ ಡಬ್ಬಿಯನ್ನೂ ಬಿಡಲಿಲ್ಲ!

"ಭೇಷ್! ಉಪ್ಪಿನಕಾಯಿಗೆ ಉಸಿರುಗಟ್ಟುತ್ತಿತ್ತು ಪಾಪ," ಎಂದೆ.

ಮರುದಿನ ನಮ್ಮಮ್ಮ ತಲೆಗೂದಲಿಗೆ ಸಾಂಬ್ರಾಣಿ ಹೊಗೆ ಹಿಡಿದು ಕೂತಿದ್ದರು. ಗೌಡ ಕುರ್ಚಿ ಸಮೇತ ಎತ್ತಿ ನಡುಬೀದಿಯಲ್ಲಿ ಪ್ರತಿಷ್ಠಾಪಿಸಿದ. ಆಮೇಲೆ ಹಾಲಿನವನ ಬೀಡಿ ಕಸಿದು ಅವನದೇ ಹಾಲಿನ ಕ್ಯಾನಿನಲ್ಲಿ ಅದ್ದಿದ. ಹಾಲು ನಿಂತಿತು, ಕಾಫಿ ನಿಂತಿತು, ನೀಲಾಳ ತಾಳ್ಮೆಯೂ ನಿಂತಿತು.

"ವಾಮೂ, ಇನ್ನೊಂದು ಸಲ ಈ ಹುಚ್ಚಾಟ ಆಡಿದ್ರೆ ಇದು ಗುಜರಿಗೆ!"

ವಾಮದೇವನ ಮುಖ ನೀರಿಗೆ ಬಿದ್ದ ಹಪ್ಪಳವಾಯಿತು. "ಅಕ್ಕಾ, ನಿದ್ದೆಗೆಟ್ಟು ಮಾಡಿದ್ದು ಕಣೇ..."

"ಈ ಮನೆಗೆ ನನ್ನ ಮೂಗು ಸಾಕು ಹೋಗೋ!" ಎಂದು ನಾನು ಸ್ನಾನಕ್ಕೆ ಹೋದೆ.

ಚಳಿಗಾಲ. ಬಚ್ಚಲಲ್ಲೇ ಗ್ಯಾಸ್ ಗೀಸರು. ಬಿಸಿನೀರು ಸುರಿದುಕೊಳ್ಳುತ್ತಾ ರಾಗ ತೆಗೆದೆ. ತಲೆ ಸಿಡಿಯತೊಡಗಿತು, ಮಂಡಿ ನೆನೆದ ಅವಲಕ್ಕಿಯಂತಾಯಿತು. ನನ್ನ ಸಂಗೀತದ ಪ್ರಭಾವವೇ ಇರಬೇಕೆಂದುಕೊಂಡೆ.

ಕೂಡಲೇ ವಿಷಲ್! ಚಿಲಕ ಹಾರಿತು! ಮೈತುಂಬ ಸೋಪಿನ ನೊರೆ, ಸೊಂಟಕ್ಕೊಂದು ಟವಲು. ಅಷ್ಟರಲ್ಲೇ ನನ್ನನ್ನು ಬೀದಿಯಲ್ಲಿ ಮಲಗಿಸಿ, ಗೌಡ ಹೊಟ್ಟೆಯ ಫ್ಯಾನು ತಿರುಗಿಸಿ ಗಾಳಿ ಬೀಸತೊಡಗಿದ. ಟವಲಿನ ಗತಿ ಕೇಳಬೇಡಿ!

ಉಸಿರು ಬಂದದ್ದೇ ಅರಚಿದೆ: "ಹಾಕ್ರೋ ಇದನ್ನ ಗುಜರಿಗೆ!"

ಗೀಸರು ಆರಿಸಿ, ಸಿಲಿಂಡರ್ ಬಂದ್ ಮಾಡಿ ಬಂದ ನೀಲಾಳ ಕೈಯಲ್ಲಿ ಒಂದು ಬನಿಯನ್ನು.

"ಬಚ್ಚಲ ಗವಾಕ್ಷಿಗೆ ಇದನ್ನ ತುರುಕಿದ್ದು ಯಾರ್ರೀ?"

"ಕೋತಿ ಇರಬೇಕು."

"ಕೋತಿ ನಿಮ್ಮ ಬನಿಯನ್ ಹಾಕ್ಕೊಳ್ಳುತ್ತಾ?"

ವಾಮದೇವ ಬನಿಯನ್ ಕಡೆ ಬೆರಳು ತೋರಿಸಿದ. "ಭಾವ, ಗಾಳಿಯಾಡದೆ ಕಾರ್ಬನ್ ಮಾನಾಕ್ಸೈಡ್ ತುಂಬಿತ್ತು. ಇನ್ನೊಂಚೂರು ತಡವಾಗಿದ್ರೆ... ನಿಮ್ಮ ಮೂಗು ಏನು ಮಾಡ್ತಿತ್ತು?"

"ನನಗೆ ಆಗಲೇ ವಾಸನೆ ಬಡಿದಿತ್ತು ಕಣೋ! ಘಾಟು ಅಂದ್ರೆ ಘಾಟು..."

"ಅದಕ್ಕೆ ವಾಸನೆಯೇ ಇಲ್ಲ, ಭಾವ."

ಗುಜರಿಗೆ ಹೋದದ್ದು ಆ ಗೀಸರು. ಗೌಡ ಇಲ್ಲೇ ಇದ್ದಾನೆ, ಹೊಸದೊಂದು ಕಾಯಿಲೆಯೊಂದಿಗೆ: ನಾನು ಜಂಬ ಕೊಚ್ಚಿದೊಡನೆ ಕೆಟ್ಟ ಗಾಳಿ ಎಂದು ತಿಳಿದು ನನ್ನನ್ನೆತ್ತಿ ಬೀದಿಗೆ ಹಾಕುತ್ತಾನೆ. ಈ ಕಥೆಯ ಶುರುವಿನಲ್ಲಿ ಬರೆದ ಬೀರೂರಿನ ವಾಕ್ಯವನ್ನು ಗಟ್ಟಿಯಾಗಿ ಓದಿ ನೋಡಿದೆ. ಅಗೋ, ವಿಷಲ್ಲು!

ಸರಿ ಮಾರಾಯ, ಕೊಡೆಕಡ್ಡಿ ಕೆಳಗಿಳಿಸು. ಚಳಿಗಾಳಿ ಬರದಿರಲೆಂದು ಬನಿಯನ್ ತುರುಕಿದ್ದು ನಾನೇ. ಮೂಗು ಕಟ್ಟಿ ವರ್ಷವಾಯಿತು. ಬೀರೂರು ಹಾಗಿರಲಿ, ನಮ್ಮನೆ ಸಾರಿನ ವಾಸನೆಯೂ ನನಗೆ ಗೊತ್ತಾಗುವುದಿಲ್ಲ. ನೀಲಾಳ ಸಾರನ್ನು ದಿನಾ ಹೊಗಳುವುದೂ ಅದಕ್ಕೇ.